ಹಸನಾದ ಬೇಳೆಗೆ ಮತ್ತೆ ಕಲ್ಲು

ಭಾನುವಾರ, ಸಂಜೆ ನಾಲ್ಕೂ ಹತ್ತಕ್ಕೆ ಇದನ್ನು ಬರೆಯಲು ಕುಳಿತೆ.

ಕಾಕುವಿನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದವನ್ನು ಬುಡಕ್ಕೆ ಕತ್ತರಿಸುತ್ತಾರೆ. ಆ ಒಂದು, ಬೇಳೆಯಿಂದ ಕಲ್ಲು ಚಿಮ್ಮಿಸಲಿಕ್ಕೆ. ತಾಂಡೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಅವರು. ಓಣಿಯವರಂತೆ ನಾನೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಹೊಲದ ತೊಗರಿಯನ್ನು ಬೇಳೆ ಮಾಡಿಸಿ ತಂದ ಮೇಲೆ, ಮಿಲ್ಲಿನವರನ್ನು ನಂಬದೆ ತಾವೇ ಮೊರದಲ್ಲಿ ಹಸನು ಮಾಡುತ್ತಿದ್ದರು.

ನಾನು ನಾರಾಯಣಖೇಡದ ಕಡೆಯವಳು. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರ ಕಚೇರಿಗೆ ಹೊಸದಾಗಿ ಸೇರಿದ್ದೆ. ಪ್ರತಿ ಭಾನುವಾರ ಸಂಜೆ ಏಳರೊಳಗೆ ವಾರದ ವರದಿ ಕಳಿಸಬೇಕು. ಲ್ಯಾಪ್‌ಟಾಪ್ ತೆರೆದವಳು ನೀರು ಕುಡಿಯಲು ಏಳುತ್ತಿದ್ದೆ; ಲೋಟ ತೊಳೆಯಲು ಹೋಗಿ ಪಾತ್ರೆಯೆಲ್ಲ ತೊಳೆದು, ಕಪಾಟು ಜೋಡಿಸುವಷ್ಟರಲ್ಲಿ ಎಂಟಾಗಿರುತ್ತಿತ್ತು. ಎರಡು ಸಲ ತಪ್ಪಿತು. ಇನ್ನೊಮ್ಮೆ ತಪ್ಪಿದರೆ ಕೆಲಸ ಖಾಯಂ ಆಗುವುದಿಲ್ಲ ಎಂದರು ಮ್ಯಾನೇಜರ್.

ಹೈದರಾಬಾದಿನ ಡಾಕ್ಟರು ಅದು ಎಡಿಎಚ್‌ಡಿ ಎಂದು ಹೇಳಿ ಗುಳಿಗೆ ಕೊಟ್ಟರು. ಬಂದು ಕಾಕುವಿಗೆ ಹೇಳಿದೆ.

“ಹಂಗಂದ್ರೇನವ್ವ?”

“ಧ್ಯಾನ ಒಂದ್ ಕಡಿ ನಿಲ್ಲಂಗಿಲ್ಲರಿ.”

“ನಮ್ಮ ಎಮ್ಮೀದೂ ಇದೇ ಹಣೆಬರಾ. ಅದನ್ನ ಯಾರೂ ಹೈದ್ರಾಬಾದಿಗಿ ಒಯ್ಲಿಲ್ಲ ನೋಡು!” ನಕ್ಕರು. ಆಮೇಲೆ ಸ್ವಲ್ಪ ಯೋಚಿಸಿ, “ಹಾಲ ಹಿಂಡಾವ ಬಂದಾಗ ನಾ ಬಾಜೂಕ ನಿಂತ್ರ ಅದು ಸುಮ್ಮ ನಿಂದರತದ. ನೀ ಗುಳಿಗಿ ನುಂಗು. ನಾ ಬಾಜೂಕ ಕುಂದರತೀನಿ,” ಎಂದರು.

ಆ ಭಾನುವಾರ ಐದಕ್ಕೆ ಮೊರ ಹಿಡಿದು ಬಂದು ಕುಳಿತರು. ಮಾತಿಲ್ಲ. ನಾನು ಎದ್ದರೆ ಮಾತ್ರ “ಎಲ್ಲಿಗಿ ಸವಾರಿ?” ನಾನು ಮತ್ತೆ ಕೂರುತ್ತಿದ್ದೆ.

ಆರೂಕಾಲಿಗೆ ಅವರ ತಮ್ಮ ಧಾರೂರಿನಿಂದ ಆಟೊ ತಂದು ಬಾಗಿಲಲ್ಲಿ ಹಾರ್ನ್ ಹೊಡೆದ. ಅಂದು ಅವನ ಬಸುರಿ ಮಗಳ ಕುಬಸ; ಕಾಕು ಹೋಗಿ ಉಡಿ ತುಂಬಬೇಕು. ಬೇಳೆ ಆಗಲೇ ಹಸನಾಗಿತ್ತು. ನನ್ನದು ಇನ್ನೂ ಎರಡು ಪುಟ ಉಳಿದಿತ್ತು. ಎದ್ದುಬಿಡುತ್ತಾರೆ ಎಂದುಕೊಂಡೆ. ಅವರು ಆರಿಸಿ ತೆಗೆದಿದ್ದ ಕಲ್ಲನ್ನೆಲ್ಲ ಬೇಳೆಗೇ ಸುರಿದು, ಕೈಯಾಡಿಸಿ, ಮೊದಲಿನಿಂದ ಆರಿಸತೊಡಗಿದರು.

“ಏನ್ ಮಾಡಾಕತ್ತೀರಿ ಕಾಕು!”

“ನಾ ಎದ್ದರ ನೀನೂ ಏಳ್ತಿ. ಖಾಲಿ ಕೈಲೆ ಕುಂತ್ರ ನಂಗ ನಿದ್ದಿ ಬರ್ತದ. ಬರಿ, ಬರಿ.”

“ಅಕ್ಕಾ, ಮಂದಿ ಉಂಡು ಏಳಾಕತ್ಯಾರ!” ಹೊರಗಿನಿಂದ ತಮ್ಮ ಕೂಗಿದ.

“ಏಳಲಿ ಬಿಡೊ. ನಂಗ ಎರಡ್ ಹೋಳಿಗಿ ಎತ್ತಿಡ್ರಿ ಅಂತ ಫೋನ್ ಹಚ್ಚು.”

ಏಳಕ್ಕೆ ಹತ್ತು ನಿಮಿಷವಿರುವಾಗ ವರದಿ ಹೋಯಿತು. ಕಾಕು ಮೊರವನ್ನು ನನ್ನ ತೊಡೆಯ ಮೇಲಿಟ್ಟು, “ಉಳಿದದ್ದು ನೀ ಆರಿಸು,” ಎಂದು ಆಟೊ ಹತ್ತಿದರು. ಅರ್ಧ ಕಲ್ಲು ಇನ್ನೂ ಬೇಳೆಯಲ್ಲೇ ಇತ್ತು.

ಕೆಲಸ ಖಾಯಂ ಆಯಿತು. ಈಗ ಜಹೀರಾಬಾದಿನಲ್ಲಿದ್ದೇನೆ. ಡೈರಿಯ ಪ್ರಕಾರ ಈ ವರ್ಷ ಒಂದು ಭಾನುವಾರವೂ ತಪ್ಪಿಲ್ಲ. ಕೆಳಮನೆಯ ಟೀಚರು ಮಕ್ಕಳ ಪೇಪರ್ ತಿದ್ದಲು ನನ್ನ ಕೋಣೆಗೆ ಬಂದು ಕೂರುತ್ತಾರೆ. ಬನ್ನಿ ಎಂದು ನಾನೇ ಕೇಳಿದೆ. ಕೇಳಲು ನಾಚಿಕೆಯಾಗಲಿಲ್ಲ; ಅದು ಕಾಕುವಿನ ಋಣ.

ಡಾಕ್ಟರು ಇದಕ್ಕೂ ಒಂದು ಇಂಗ್ಲಿಷ್ ಹೆಸರು ಹೇಳಿದರು. ಒಬ್ಬರ ಕೆಲಸ ಮುಗಿಯಲೆಂದು ಇನ್ನೊಬ್ಬರು ಪಕ್ಕದಲ್ಲಿ ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಏನೆನ್ನುತ್ತಾರೆ? ಕಾಕುವಿಗೆ ಗೊತ್ತಿಲ್ಲವಂತೆ. ಬಲ್ಲವರು ದಯವಿಟ್ಟು ಬರೆಯಿರಿ. ಅವರಿಗೆ ಓದಿ ಹೇಳುತ್ತೇನೆ.