ಬಂದರಿನ ನೀರಿನಲ್ಲಿ ಅಪ್ಪ

ಕಡಲಿಗೆ ಹೋಗೋಣ ಅಂದಾಗ ಬೇಡ ಅಂದವಳು ಅಮ್ಮ ಒಬ್ಬಳೇ.

ಎಪ್ಪತ್ತರ ದಶಕದ ಒಂದು ಬೇಸಿಗೆ ರಜೆ. ರಾಜಾಜಿನಗರದ ಬಾಡಿಗೆ ಮನೆಯಿಂದ ಅಪ್ಪ, ಅಮ್ಮ, ನಾನು ಮತ್ತು ತಮ್ಮ ಕಾರವಾರಕ್ಕೆ ಹೊರಟಿದ್ದೆವು. ಅಪ್ಪನ ತಮ್ಮ, ಅಂದರೆ ನಮ್ಮ ಚಿಕ್ಕಪ್ಪ, ಅಲ್ಲಿ ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಹುಬ್ಬಳ್ಳಿಯವರೆಗೆ ರೈಲು, ಆಮೇಲೆ ಘಟ್ಟ ಇಳಿಯುವ ಬಸ್ಸು. ದಾರಿಯುದ್ದಕ್ಕೂ ತಮ್ಮ ವಾಂತಿ ಮಾಡಿಕೊಂಡ. ಅಮ್ಮ ಅವನ ತಲೆ ಹಿಡಿದುಕೊಂಡಿದ್ದರೂ ಅವಳ ಕಣ್ಣು ಮಾತ್ರ ಅಪ್ಪನ ಮೇಲೇ ಇತ್ತು. ನನಗೆ ಆಗ ಅದರ ಅರ್ಥ ಗೊತ್ತಾಗಲಿಲ್ಲ.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ನಮ್ಮನ್ನು ಬಂದರಿನ ಪಕ್ಕದ ಮರಳಿಗೆ ಕರೆದುಕೊಂಡು ಹೋದರು. "ಇಲ್ಲಿ ಅಲೆಯೇ ಬರಲ್ಲ ಅತ್ತಿಗೆ. ಗುಡ್ಡ ಅಡ್ಡ ನಿಂತಿದೆಯಲ್ಲ, ನಮ್ಮೂರ ಕೆರೆ ಇದ್ದ ಹಾಗೆ. ಮಕ್ಕಳು ಧಾರಾಳವಾಗಿ ಇಳೀಬಹುದು" ಅಂದರು.

"ಮಕ್ಕಳು ಇಳೀಲಿ. ಇವರು ಬೇಡ" ಅಂದಳು ಅಮ್ಮ.

ಅಪ್ಪ ನಕ್ಕುಬಿಟ್ಟರು. ಅವರು ಹುಟ್ಟಿ ಬೆಳೆದದ್ದು ಕೆಂಗೇರಿಯಲ್ಲಿ. ತೋಟದ ಬಾವಿಯಲ್ಲಿ ಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿತವರು. "ಸೊಂಟದ ಮಟ್ಟ ನೀರು ಕಣೇ ಇದು" ಅಂತ ಅಂಗಿ ಬಿಚ್ಚಿ ನಮ್ಮಿಬ್ಬರ ಕೈ ಹಿಡಿದು ಇಳಿದೇಬಿಟ್ಟರು.

ನೀರು ಬೆಚ್ಚಗಿತ್ತು. ದೂರದಲ್ಲಿ ದೋಣಿಗಳು ಅಲುಗಾಡದೆ ನಿಂತಿದ್ದವು. ಅಪ್ಪ ನನ್ನನ್ನು ಬೋರಲು ಮಲಗಿಸಿ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟರು. "ಕಾಲು ಬಡಿ. ನಾನು ಹಿಡ್ಕೊಂಡಿದೀನಿ, ಹೆದರಬೇಡ."

ಬಡಿದೆ. ಸ್ವಲ್ಪ ದೂರ ಹೋಗಿಯೂ ಹೋದೆ. ಆಮೇಲೆ ಆ ಅಂಗೈ ಇರಲಿಲ್ಲ.

ಉಪ್ಪು ನೀರು ಕುಡಿದು, ಕೆಮ್ಮುತ್ತಾ ಎದ್ದು ನಿಂತೆ. ಅಪ್ಪ ಎಲ್ಲೋ ನೋಡುತ್ತಿದ್ದರು. ಕತ್ತು ಒಂದು ಕಡೆಗೆ ತಿರುಚಿಕೊಂಡಿತ್ತು, ದವಡೆ ಬಿಗಿದಿತ್ತು. ಹಾಗೇ ಮುಖ ಅಡಿಯಾಗಿ ನೀರಿಗೆ ಬಿದ್ದರು. ತಮ್ಮ ಚಪ್ಪಾಳೆ ತಟ್ಟಿ ನಕ್ಕ. ಅಪ್ಪ ಆಟ ಆಡಿಸುತ್ತಿದ್ದಾರೆ ಅಂದುಕೊಂಡಿದ್ದ. ನಾನೂ ಒಂದು ಕ್ಷಣ ಹಾಗೇ ಅಂದುಕೊಂಡೆ.

ಅಷ್ಟರಲ್ಲಿ ಅಮ್ಮ ನೀರಿನಲ್ಲಿದ್ದಳು. ಕೆರೆಯ ಮೆಟ್ಟಿಲನ್ನೂ ಇಳಿಯದವಳು ಸೀರೆಯ ಸಮೇತ ನುಗ್ಗಿ ಬಂದು ಅಪ್ಪನ ಕೂದಲು ಹಿಡಿದು ಮುಖ ಮೇಲೆತ್ತಿದಳು. ದಡದಲ್ಲಿದ್ದ ಚಿಕ್ಕಪ್ಪ ಓಡಿ ಬಂದರು. ಇಬ್ಬರೂ ಸೇರಿ ಅಪ್ಪನನ್ನು ಮರಳಿಗೆ ಎಳೆದರು. ಅಪ್ಪನ ಕೈಕಾಲು ಬಡಿದುಕೊಳ್ಳುತ್ತಲೇ ಇದ್ದವು, ಬಾಯಲ್ಲಿ ನೊರೆ ಬರುತ್ತಿತ್ತು.

ಬಲೆ ಹೆಣೆಯುತ್ತಿದ್ದ ಹೆಂಗಸೊಬ್ಬಳು ಓಡಿ ಬಂದು ಅವರ ಮುಷ್ಟಿಗೆ ಬೀಗದ ಕೈ ಗೊಂಚಲು ತುರುಕಲು ಹೋದಳು. ಅಮ್ಮ ಅದನ್ನು ಮೆಲ್ಲಗೆ ಸರಿಸಿದಳು. "ಬೇಡಮ್ಮ. ಮಗ್ಗುಲಿಗೆ ಮಲಗಿಸಿದ್ರೆ ಸಾಕು. ತಾನೇ ನಿಲ್ಲುತ್ತೆ."

ಅವಳ ದನಿಯಲ್ಲಿ ಗಾಬರಿಯಿತ್ತು, ಆಶ್ಚರ್ಯ ಇರಲಿಲ್ಲ. ಇದನ್ನು ಅವಳು ಮೊದಲೂ ನೋಡಿದ್ದಾಳೆ ಅನ್ನುವುದು ನನಗೆ ಗೊತ್ತಾದದ್ದು ಆಗ.

ಕಣ್ಣು ಬಿಟ್ಟ ಮೇಲೆ ಅಪ್ಪ ಮೊದಲು ಕೇಳಿದ್ದು, "ಮಗು ಎಲ್ಲಿ?" ಪಕ್ಕದಲ್ಲೇ ಕೂತಿದ್ದ ನಾನು ಅವರ ಕೈ ಮುಟ್ಟಿದೆ. ನನ್ನನ್ನು ನೋಡಿ ಅವರು ಮುಖ ಮುಚ್ಚಿಕೊಂಡು ಅತ್ತರು.

ಚಿಕ್ಕಪ್ಪನ ಮನೆಯಲ್ಲಿ ಮಧ್ಯಾಹ್ನ ಅಣ್ಣತಮ್ಮಂದಿರ ಮಾತು ಜೋರಾಯಿತು. ಅಪ್ಪ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದರು.

"ಫಿಟ್ಸ್ ಇಟ್ಕೊಂಡು ದಿನಾ ಮೆಷಿನ್ ಮುಂದೆ ನಿಂತ್ಕೋತೀಯಲ್ಲ ಅಣ್ಣ! ನನಗಾದ್ರೂ ಹೇಳಬಾರದಾಗಿತ್ತಾ?"

"ಹೇಳಿದ್ರೆ ಏನು ಮಾಡ್ತಿದ್ದೆ? ಕೆಲಸ ಬಿಡು ಅಂತಿದ್ದೆ. ಇಲ್ಲೀವರೆಗೆ ಬಂದಿರೋದೆಲ್ಲ ನಿದ್ದೇಲಿ. ಎದ್ದಿರೋವಾಗ ಬಂದಿದ್ದು ಇದೇ ಮೊದಲು."

"ಇನ್ನು ಮೇಲೆ ಬರಲ್ಲ ಅಂತ ಯಾರು ಹೇಳಿದ್ರು?"

ಅಡುಗೆಮನೆಯಲ್ಲಿ ಅಮ್ಮ ಒದ್ದೆ ಸೆರಗನ್ನು ಹಿಂಡುತ್ತಾ ನನಗೆ ಮೆಲ್ಲಗೆ ಹೇಳಿದಳು: "ಊರಿಗೆ ಹೋದ್ಮೇಲೆ ಯಾರ ಹತ್ರಾನೂ ಬಾಯಿ ಬಿಡಬೇಡ."

ಬಿಡಲಿಲ್ಲ. ಆದರೆ ರಾಜಾಜಿನಗರಕ್ಕೆ ಬಂದ ಮೇಲೆ ನನ್ನ ಸಂಜೆಗಳು ಕೆಟ್ಟುಹೋದವು. ಕಾರ್ಖಾನೆಯ ಬಸ್ಸು ಸ್ವಲ್ಪ ತಡವಾದರೂ ತಿರುಗುವ ಮೆಷಿನ್ನು, ಅದರ ಮೇಲೆ ಬಾಗುವ ಅಪ್ಪ ಕಣ್ಣ ಮುಂದೆ ಬರುತ್ತಿದ್ದರು. ಮನೆಯ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಒಂದು ದಿನ ಬಸ್ಸಿಳಿದ ಅಪ್ಪ ಕೇಳಿದರು, "ದಿನಾ ಯಾಕಮ್ಮ ಇಲ್ಲಿ ನಿಂತಿರ್ತೀಯ?"

"ನೀವು ಬರ್ತೀರೋ ಇಲ್ಲವೋ ಅಂತ."

ಅವತ್ತು ಅವರು ಸರಿಯಾಗಿ ಊಟ ಮಾಡಲಿಲ್ಲ. ಆ ವಾರವೇ ಫೋರ್‌ಮನ್ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟರು. ಕೆಲಸ ಹೋಗಲಿಲ್ಲ. ಅಪ್ಪನನ್ನು ಮೆಷಿನ್ ಕೆಲಸದಿಂದ ಬಿಡಿಸಿ, ಸಾಮಾನು ಎಣಿಸಿ ಕೊಡುವ ಸ್ಟೋರ್ಸಿಗೆ ಹಾಕಿದರು. ಜೊತೆಯವರಲ್ಲಿ ಕೆಲವರು ಅವರ ಪಕ್ಕ ಕೂತು ಊಟ ಮಾಡುವುದನ್ನು ಬಿಟ್ಟರಂತೆ. ಇದನ್ನು ಅಮ್ಮ ಹೇಳಿದ್ದು ಎಷ್ಟೋ ವರ್ಷದ ಮೇಲೆ.

ಸ್ಟೋರ್ಸಿಗೆ ಹೋದ ಮೊದಲ ಸಂಜೆ ಅಪ್ಪನ ಅಂಗಿ ಇಸ್ತ್ರಿ ಕೆಡದೆ ಹಾಗೇ ಇತ್ತು. ಉಗುರಲ್ಲಿ ಎಣ್ಣೆಯ ಕಪ್ಪು ಇರಲಿಲ್ಲ. ಆದರೂ ಅವರು ಬಚ್ಚಲಿಗೆ ಹೋಗಿ ಸೋಪು ಹಚ್ಚಿ ತುಂಬಾ ಹೊತ್ತು ಕೈ ಉಜ್ಜುತ್ತಲೇ ಇದ್ದರು. ಅಮ್ಮ ಟವಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಸಾಕು ಅನ್ನಲಿಲ್ಲ.