ಗುಂಡ್ಲುಪೇಟೆ ಪ್ಲೇಟು, ದುಬೈ ಸೀಡಿ

ನನಗೆ ಮೊದಲಿಂದಲೂ ಒಂದು ಕೆಟ್ಟ ಚಾಳಿ. ಯಾವ ವಿಷಯ ಕಮ್ಮಿ ಗೊತ್ತೋ ಅದರಲ್ಲೇ ನನ್ನ ಗಂಟಲು ಜಾಸ್ತಿ. ಹಳೇ ಗ್ರಾಮಫೋನ್ ಪ್ಲೇಟಿನ ಸೌಂಡು ಮೇಲೋ ಸೀಡಿಯ ಸೌಂಡು ಮೇಲೋ ಅಂತ ಗುಂಡ್ಲುಪೇಟೆಯ ಒಂದು ಮೈಕ್‌ಸೆಟ್ ಅಂಗಡೀಲಿ ತಿಂಗಳುಗಟ್ಟಲೆ ಕಿತ್ತಾಡಿದವನು ನಾನು. ಎರಡು ಸಾವಿರದ ಈಚಿನ ಮೊದಲ ವರ್ಷಗಳವು. ಚಾಮರಾಜನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇತ್ತು. ಭಾನುವಾರ ಬಂತೆಂದರೆ ಶಟರ್ ಎಳೆದು, ತೆರಕಣಾಂಬಿ ಮೇಲೆ ಹೋಗೋ ಬಸ್ಸು ಹತ್ತಿ, ಸೀಟು ಸಿಕ್ಕಿದರೂ ಸಿಗದಿದ್ದರೂ ಹಲ್ಲು ಕಿರಿದುಕೊಂಡು ಗುಂಡ್ಲುಪೇಟೆಗೆ ಹೋಗಿಬಿಡುತ್ತಿದ್ದೆ.

ಆ ಮೈಕ್‌ಸೆಟ್ ಅಂಗಡಿ ನನ್ನ ಕಾಲೇಜು ಗೆಳೆಯನ ಅಪ್ಪನದು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ನಮ್ಮೂರ ಕನ್ನಡ. ಗೆಳೆಯ ಅವರನ್ನು ಅಬ್ಬಾ ಅಂತಿದ್ದ, ನಾನು ಚಾಚಾ ಅಂತಿದ್ದೆ. ಹಂಗಳದಿಂದ ಹಿಡಿದು ಸುತ್ತಮುತ್ತಲ ಅಷ್ಟೂ ಊರಿನ ಮದುವೆಗಳಲ್ಲಿ ಮರಕ್ಕೆ ಹಾರ್ನ್ ಕಟ್ಟಿ, ಪ್ಲೇಟ್ ಹಾಕಿ, ಊರಿನ ಕಿವಿ ತೂತು ಮಾಡಿದವರು ಅವರು. ಆಮೇಲೆ ಕ್ಯಾಸೆಟ್ ಬಂತು, ಸೀಡಿ ಬಂತು. ಸಿನಿಮಾ ಹಾಡಿನ ಪ್ಲೇಟೆಲ್ಲ ಸವೆದು ಗುಜರಿಗೆ ಹೋದವು. ಪ್ಲೇಟ್ ಪ್ಲೇಯರ್ ಮಾತ್ರ ಒಂದು ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡು ಕೂತಿತ್ತು.

ಅದಕ್ಕೆ ಜೀವ ಬಂದದ್ದು ಒಬ್ಬ ತರಕಾರಿ ಲಾರಿ ಡ್ರೈವರಿನಿಂದ. ಊಟಿ ಕಡೆಗೆ ಈರುಳ್ಳಿ ಹೊತ್ತುಕೊಂಡು ಹೋದವನು ಯಾವುದೋ ಎಸ್ಟೇಟ್ ಬಂಗಲೆ ಖಾಲಿ ಮಾಡುವಾಗ ಎಸೆಯಲಿಟ್ಟಿದ್ದ ಒಂದು ಡಬ್ಬದ ತುಂಬ ಇಂಗ್ಲಿಷ್ ಪ್ಲೇಟು ತಂದು, "ನಿಮ್ತಾವ ಮಿಷನ್ ಐತಲ್ಲ, ಇಟ್ಕಳಿ" ಅಂತ ಇಳಿಸಿ ಹೋದ. ನಾನೂ ಗೆಳೆಯನೂ ಗೋಣಿಚೀಲ ಕಿತ್ತು, ಧೂಳು ಕೊಡವಿ, ಮುಳ್ಳು ಹಾರದಿರಲಿ ಅಂತ ಪ್ಲೇಯರಿನ ತೋಳಿನ ಮೇಲೆ ಭಾರಕ್ಕೆ ಹಳೇ ನಾಲ್ಕಾಣೆ ಇಟ್ಟು, ಮೊದಲ ಪ್ಲೇಟು ತಿರುಗಿಸಿದೆವು.

ಅಯ್ಯೋ ಶಿವನೇ, ಅದೇನು ಹಾಡು ಅದು! ಡ್ರಮ್ಮು ದಡದಡ ಅಂತ ಓಡುತ್ತೆ. ಬೇರೆ ಹಾಡುಗಳಲ್ಲಿ ಹಿಂದೆ ನಿಲ್ಲುವ ಬೇಸ್ ಗಿಟಾರು ಇಲ್ಲಿ ಮುಂದೆ ಬಂದು ಕುಣಿಯುತ್ತೆ. ಹಾಡುವವನದು ತೆಳ್ಳನೆ ದನಿ, ಏನೋ ತುಂಟ ಕೆಲಸ ಮಾಡಿ ಓಡಿಬರುತ್ತಿರುವ ಹುಡುಗನ ಹಾಗೆ. ಒಂದು ಪದ ಅರ್ಥವಾಗಲಿಲ್ಲ. ಆದರೂ ನಾನೂ ಗೆಳೆಯನೂ ಆಂಪ್ಲಿಫೈಯರ್‌ಗಳ ನಡುವೆ ಕುಣಿದು, ಒಂದು ಟ್ಯೂಬ್‌ಲೈಟ್ ಒಡೆದು, ಚಾಚಾ ಕೈಲಿ ಬೈಸಿಕೊಂಡೆವು.

"ಲೋ, ಮದುವೆ ಮನೆ ಹೆಂಗಸ್ರೂ ಹಿಂಗೆ ಕುಣಿಯಾಕಿಲ್ಲ ಕಣ್ರಲಾ!"

ನಾನು ಚಾಮರಾಜನಗರದ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಪ್ಲೇಟಿನ ಮೇಲಿದ್ದ ಹೆಸರು ಹಾಕಿ ಹುಡುಕಿದೆ. ಇದಕ್ಕೆ ಪೋಸ್ಟ್-ಪಂಕ್ ಅಂತಾರಂತೆ. ಇಂಗ್ಲೆಂಡಿನ ಕಾರ್ಖಾನೆ ಊರುಗಳ ಹುಡುಗರು ಮಾಡಿದ್ದಂತೆ. ಕತ್ತಲು, ಒಂಟಿತನ, ಎದೆ ಭಾರವಾಗುವ ಸಂಗೀತ ಅಂತ ಬೇರೆ ಅಲ್ಲಿ ಬರೆದಿತ್ತು. ನಾನು ಕಂಪ್ಯೂಟರ್ ಮುಂದೆಯೇ ಗಹಗಹಿಸಿ ನಕ್ಕೆ. ಪಾಪ, ಬರೆದವನು ಪ್ಲೇಟಿನಲ್ಲಿ ಕೇಳೇ ಇಲ್ಲ ಅಂದುಕೊಂಡೆ.

ಹೀಗೆ ಒಂದು ವರ್ಷ ನಡೆಯಿತು. ಆಮೇಲೆ ಗೆಳೆಯನ ಭಾವ ದುಬೈಯಿಂದ ಬಂದಾಗ, ನಾವು ಚೀಟಿಯಲ್ಲಿ ಬರೆದು ಕಳಿಸಿದ್ದ ಅದೇ ಆಲ್ಬಂ ಸೀಡಿಯಲ್ಲಿ ಬಂತು. ಹೊಸ ಸೀಡಿ, ಮೇಲಿನ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಹಾಕಿದೆವು. ಯಾರೋ ಗಡಸು ದನಿಯ ಗಂಡಸು, ಹೆಜ್ಜೆ ಎಳೆದುಕೊಂಡು ನಡೆಯುವವನ ಹಾಗೆ ಹಾಡಿದ. ಡ್ರಮ್ಮು ನಿಧಾನ. ಬೇಸು ಕೆಳಗೆ ಕೂತು ಗೊಣಗುತ್ತಿತ್ತು.

"ಇದೇನ್ಲಾ, ಜ್ವರ ಬಂದೈತಾ ಇವ್ನಿಗೆ?" ಅಂದೆ.

"ಎಷ್ಟು ಕ್ಲೀನಾಗೈತೆ ಕೇಳ್ಲಾ," ಅಂದ ಗೆಳೆಯ. "ಕರಕರ ಇಲ್ಲ, ಏನಿಲ್ಲ. ಒಂದೊಂದು ತಂತಿನೂ ಬೇರೆ ಬೇರೆಯಾಗಿ ಕೇಳ್ತದೆ."

ಅಷ್ಟೇ, ಯುದ್ಧ ಶುರು. ಸೀಡಿ ಹಾಡಿನ ರಕ್ತ ಹೀರುತ್ತೆ ಅಂದೆ. ಕಂಪ್ಯೂಟರಿಗೆ ಹಾಕಿ ಹಿಂಡಿಬಿಟ್ಟರೆ ಯಾವ ಹಾಡಿಗೆ ತ್ರಾಣ ಉಳಿಯುತ್ತೆ ಅಂದೆ. ಪ್ಲೇಟಿನಲ್ಲಿ ಮುಳ್ಳು ಹಾಡನ್ನು ಮುಟ್ಟುತ್ತೆ, ಸೀಡಿಯಲ್ಲಿ ಲೈಟು ಬರೀ ನೋಡುತ್ತೆ, ಮುಟ್ಟಿದ್ದೂ ನೋಡಿದ್ದೂ ಒಂದೇನಾ ಅಂತ ಮೇಜು ಗುದ್ದಿದೆ. ಇಷ್ಟು ಜಂಬದ ಮಾತಾಡುವಾಗ ನನಗೆ ಎಂಥ ಖುಷಿ ಅಂತೀರಿ! ಗೆಳೆಯ ಸೋಲಲಿಲ್ಲ. ನಾನಂತೂ ಸೋಲೋ ಜಾತಿಯೇ ಅಲ್ಲ.

ಹೀಗೆ ತಿಂಗಳುಗಟ್ಟಲೆ ಕಿತ್ತಾಡಿದ ಮೇಲೆ ಚಾಚಾ ಒಂದು ಬಾಂಬು ಹಾಕಿದರು. ವಯನಾಡು ಕಡೆಯ ರೆಸಾರ್ಟಿನವರೊಬ್ಬರು ಹೋಗುತ್ತಾ ಬರುತ್ತಾ ಪ್ಲೇಟ್ ಪ್ಲೇಯರ್ ನೋಡಿದ್ದರಂತೆ. ಅತಿಥಿಗಳಿಗೆ ಹಳೇ ಹಾಡು ಕೇಳಿಸಲು ಬೇಕಂತೆ, ಅದನ್ನು ಕೊಟ್ಟರೆ ಬದಲಿಗೆ ಹೊಸ ಸೀಡಿ ಡೆಕ್ಕು ಕೊಡುತ್ತಾರಂತೆ. ಬರುವ ಭಾನುವಾರ ಮಧ್ಯಾಹ್ನ ಬಂದು ತಗೊಂಡು ಹೋಗುತ್ತಾರಂತೆ.

ಆ ಮಿಷನ್ ಹೋದರೆ ನನ್ನ ಭಾನುವಾರಗಳೇ ಹೋದವು. ಜಿಲ್ಲೆಯಲ್ಲಿ ಬೇರೆ ಎಲ್ಲಿ ಹುಡುಕಲಿ? ಕಾಲು ಹಿಡಿಯೋದೊಂದು ಬಾಕಿ.

"ಚಾಚಾ, ಪ್ಲೇಟೇ ಚೆನ್ನಾಗಿರೋದು. ಬೇಕಾರೆ ಕೇಳಿ ನೀವೇ ಹೇಳಿ."

"ಸರಿ ಬುಡು," ಅಂದರು. "ಭಾನ್ವಾರ ಬೆಳಗ್ಗೆ ಕೇಳ್ತೀನಿ. ಪ್ಲೇಟು ಗೆದ್ರೆ ಕೊಡಾಕಿಲ್ಲ. ಸೀಡಿ ಗೆದ್ರೆ ಬಾಯ್ಮುಚ್ಕಂಡು ಮಿಷನ್ನ ಅವ್ರ ಕಾರಿಗೆ ಎತ್ತಿಡ್ಬೇಕು ನೀನು."

ಆ ಭಾನುವಾರ ನಾನು ಮೊದಲ ಬಸ್ಸಿಗೇ ಬಂದೆ. ಪ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಮಗುವಿನ ಮುಖ ಒರೆಸಿದಂತೆ ಒರೆಸಿದೆ. ಚಾಚಾ ನಮ್ಮ ಕಡೆ ಬೆನ್ನು ಮಾಡಿ, ರಸ್ತೆಯಲ್ಲಿ ಕೇರಳಕ್ಕೆ ಹೋಗೋ ಲಾರಿಗಳನ್ನು ನೋಡುತ್ತ ಸ್ಟೂಲಿನ ಮೇಲೆ ಕೂತರು. ಎರಡಕ್ಕೂ ಒಂದೇ ಆಂಪ್ಲಿಫೈಯರು, ಒಂದೇ ಬಾಕ್ಸು. ಮೋಸಕ್ಕೆ ಜಾಗವಿಲ್ಲ.

ಮೊದಲು ಸೀಡಿ. ಚಾಚಾ ಅಲ್ಲಾಡಲಿಲ್ಲ. ಹಾಡು ಮುಗಿದ ಮೇಲೆ, "ಪಾಪ, ಯಾವುದೋ ದೊಡ್ಡ ದುಃಖ ಇವ್ನಿಗೆ," ಅಂದರು.

ಆಮೇಲೆ ಪ್ಲೇಟು. ದಡದಡ ಶುರುವಾಯಿತು. ನಾನು ಗೆದ್ದೇಬಿಟ್ಟೆ ಅನ್ನೋ ಹಾಗೆ ಗೆಳೆಯನಿಗೆ ಹುಬ್ಬು ಹಾರಿಸಿದೆ. ಚಾಚಾನ ಹೆಗಲು ಕುಲುಕತೊಡಗಿತು. ಕುಣೀತಾವ್ರೆ ಅಂದುಕೊಂಡೆ. ತಿರುಗಿದಾಗ ನೋಡಿದರೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು.

"ಎಷ್ಟು ದಿನದಿಂದ ಹಿಂಗೆ ಕೇಳ್ತಿದ್ದೀರ್ಲಾ?"

"ಒಂದು ವರ್ಷದ ಮೇಲಾಯ್ತು," ಅಂದೆ.

"ಎಂಥಾ ಗೂಬೆಗಳ್ಲಾ ನೀವು! ನಾನೂ ಗೂಬೆನೇ ಬುಡು. ಇಂಗ್ಲಿಷ್ ಹಾಡು ಹಿಂಗೇ ಇರ್ತದೆ ಅನ್ಕೊಂಡಿದ್ದೆ."

ಎದ್ದು ಬಂದು, ಪ್ಲೇಟೆತ್ತಿ, ಅದರ ಕೆಳಗಿನ ತಟ್ಟೆ ಎತ್ತಿ, ಅದನ್ನು ತಿರುಗಿಸೋ ಮೋಟಾರಿನ ಕಡ್ಡಿ ತೋರಿಸಿದರು. ಕಡ್ಡಿಗೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಿತ್ತು. ಆ ಕಾಲದಲ್ಲಿ ಹಳ್ಳಿ ಮದುವೆ ಅಂದರೆ ಜನರೇಟರೇ ಗತಿ. ಲೋಡು ಬಿದ್ದರೆ ಜನರೇಟರ್ ಏದುಸಿರು ಬಿಡೋದು, ಪ್ಲೇಟು ನಿಧಾನವಾಗಿ ತಿರುಗೋದು, ಹಾಡು ಆಕಳಿಸೋದು. ಅದಕ್ಕೇ ಚಾಚಾ ಟೇಪು ಸುತ್ತಿ ಕಡ್ಡಿ ದಪ್ಪ ಮಾಡಿ, ತಟ್ಟೆಯ ವೇಗ ಏರಿಸಿ ಸರಿದೂಗಿಸಿದ್ದರು. ಜನರೇಟರಿನಲ್ಲಿ ಸರಿಯಾಗಿ ಓಡೋದು, ಪೇಟೆ ಕರೆಂಟಿನಲ್ಲಿ ಬಾಲಕ್ಕೆ ಬೆಂಕಿ ಹತ್ತಿದ ಹಾಗೆ ಓಡಿತ್ತು. ಟೇಪು ಸುತ್ತಿದ್ದನ್ನು ಅವರೇ ಮರೆತಿದ್ದರು.

ಟೇಪು ಬಿಚ್ಚಿ ಮತ್ತೆ ಪ್ಲೇಟು ಹಾಕಿದರು. ತುಂಟ ಹುಡುಗ ಹೋಗಿ ಅದೇ ದುಃಖದ ಗಂಡಸು ಬಂದ. ಈಗ ನಿಜವಾಗಿ ಹೋಲಿಸಬಹುದಿತ್ತು. ಪ್ಲೇಟಿನಲ್ಲಿ ಬೇಸು ಒಂಚೂರು ದುಂಡಗೆ, ಎದೆಗೆ ಹತ್ತಿರ. ಆದರೆ ನಾವು ಕುಣಿದು ಕುಣಿದು ಸವೆಸಿದ್ದ ಪ್ಲೇಟು, ನಾಲ್ಕಾಣೆ ಭಾರ ಬೇರೆ, ಕರಕರ ಸದ್ದು ಹಾಡಿನ ಮೇಲೆಯೇ ಸವಾರಿ ಮಾಡುತ್ತಿತ್ತು. ಸೀಡಿಯಲ್ಲಿ ಡ್ರಮ್ಮಿನ ಒಂದೊಂದು ಏಟೂ ಬಿಡಿಬಿಡಿ, ಏಟಿನ ನಡುವೆ ಮೌನ.

"ಸೀಡಿ ಕಣ್ಲಾ," ಅಂದರು ಚಾಚಾ. "ಸುಳ್ಳೇಳಾಕಿಲ್ಲ ನಾನು."

ನನಗೆ ನಾಚಿಕೆಗಿಂತ ದುಃಖ ಜಾಸ್ತಿ ಆಯಿತು. ಒಂದು ವರ್ಷ ನಾನು ಪ್ರಾಣ ಇಟ್ಟುಕೊಂಡು ಪ್ರೀತಿಸಿದ ಹಾಡು ಪ್ರಪಂಚದಲ್ಲಿ ಇರಲೇ ಇಲ್ಲ. ಗೆಳೆಯ ಪಾಪ ಗೆದ್ದರೂ ನಗಲಿಲ್ಲ, "ಬಾರ್ಲಾ, ಟೀ ಕುಡ್ಕಬರನ" ಅಂತ ತೋಳು ಹಿಡಿದು ಎಳೆದುಕೊಂಡು ಹೋದ. ಬ್ರೌಸಿಂಗ್ ಸೆಂಟರಿನಲ್ಲಿ ನಕ್ಕಿದ್ದು ನೆನಪಾಯಿತು. ಬರೆದವನೇ ಸರಿ, ಆ ಹಾಡು ಕೇಳದವನು ನಾನು.

ವಾಪಸ್ಸು ಬರುವಷ್ಟರಲ್ಲಿ ಅಂಗಡಿ ಮುಂದೆ ಕಾರು ನಿಂತಿತ್ತು. ರೆಸಾರ್ಟಿನವರು ಬಿಳೀ ಪಂಚೆಯ ಸಂಭಾವಿತರು, ಅರ್ಧ ಕನ್ನಡ ಅರ್ಧ ಮಲಯಾಳ. "ಒಮ್ಮೆ ಪಾಡಿಸಿ, ಕೇಳುವ" ಅಂದರು. ಮಾತಿನಂತೆ ಮಿಷನ್ನು ಎತ್ತಲು ನಾನು ಅಂಗಿ ತೋಳು ಮಡಿಚಿಕೊಂಡು ನಿಂತೆ. ಚಾಚಾ ನನ್ನ ಕಡೆ ನೋಡದೆ ಮುಳ್ಳು ಇಳಿಸಿದರು.

ದಡದಡ ದಡದಡ! ನನ್ನ ತುಂಟ ಹುಡುಗ ಓಡಿಬಂದ.

ನಾನು ಬಾಯಿ ಬಿಟ್ಟುಕೊಂಡು ಚಾಚಾನನ್ನು ನೋಡಿದೆ. ಅವರ ಮುಖ ಕಲ್ಲು. ಪಂಚೆಯವರು ಕಿವಿ ಒಡ್ಡಿ ಕೇಳಿ, ಹುಬ್ಬು ಗಂಟಿಕ್ಕಿ, "ಇದು ಸ್ಪೀಡ್ ಸರಿಯಿಲ್ಲವಲ್ಲ?" ಅಂದರು.

"ಸರಿಯಿಲ್ಲ," ಅಂದರು ಚಾಚಾ, ಬಹಳ ವಿನಯದಿಂದ.

"ರಿಪೇರಿ ಆಗುವುದಾ?"

"ಆಗಾಕಿಲ್ಲ ಸಾರ್. ಇದು ಹಿಂಗೇಯ."

ಅವರು ಎರಡು ಸಲ ತಲೆ ಅಲ್ಲಾಡಿಸಿ, ನಮಸ್ಕಾರ ಹೇಳಿ, ಕಾರು ಹತ್ತಿ ಹೊರಟುಹೋದರು. ಕಾರು ತಿರುವು ದಾಟೋವರೆಗೆ ಮೂವರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಆಮೇಲೆ ನಕ್ಕ ನಗು ಪಕ್ಕದ ಗೊಬ್ಬರದಂಗಡಿಯವರನ್ನು ಬಾಗಿಲಿಗೆ ತಂದಿತು.

"ಚಾಚಾ, ಗೆದ್ದಿದ್ದು ಸೀಡಿ ಅಲ್ವಾ?" ಅಂದೆ, ನಗು ತಡೆದುಕೊಂಡು. "ಮತ್ಯಾಕೆ ಟೇಪು ಸುತ್ತಿದ್ರಿ?"

ಚಾಚಾ ತಿರುಗುವ ಪ್ಲೇಟು ನೋಡುತ್ತಾ ಕಣ್ಣೊರೆಸಿಕೊಂಡರು.

"ಇಂಗ್ಲೆಂಡಿನೋರು ಮಾಡಿದ ಹಾಡು ಎಲ್ಲಿ ಬೇಕಾರೂ ಸಿಕ್ತದೆ ಕಣ್ಲಾ. ನನ್ನ ಟೇಪು ಸುತ್ತಿದ ಹಾಡಿಗೆ ಕುಣಿದಿರೋರು ನೀವಿಬ್ರೇಯ. ಅದ್ನ ಹೆಂಗ್ಲಾ ಕೊಡನ?"