ಅತ್ತೆಯ ದನಿ ಒಡೆದ ವರ್ಷ

ನಾನು ಮದುವೆಯಾಗಿ ಬ್ಯಾಟರಾಯನಪುರಕ್ಕೆ ಬರುವ ಹೊತ್ತಿಗೆ ಅತ್ತೆಗೆ ಕ್ಯಾನ್ಸರ್ ಆಗಿ ಒಂದು ಮೊಲೆ ತೆಗೆಸಿಯಾಗಿತ್ತು. ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಬಂದ ವಾರದಲ್ಲೇ ಬೆನ್ನು ಉಜ್ಜಲು ಬಚ್ಚಲಿಗೆ ಕರೆದು ಅವರೇ ತೋರಿಸಿದರು.

"ನೋಡ್ಕೊಂಬುಡು. ನಾಳೆ ಯಾರೋ ಬಂದು ನಿನ್ ಕಿವೀಲಿ ಊದೋದು ಬ್ಯಾಡ," ಎಂದರು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಾವ ತೀರಿಕೊಂಡ ಮೇಲೆ ಬಳ್ಳಾರಿ ರಸ್ತೆ ಪಕ್ಕದ ದ್ರಾಕ್ಷಿ ತೋಟವನ್ನು ಅತ್ತೆಯೇ ನೋಡಿಕೊಳ್ಳುತ್ತಿದ್ದರು. ನಮ್ಮ ಯಜಮಾನರು ಜಾಲಹಳ್ಳಿಯ ಕಾರ್ಖಾನೆಗೆ ಸೇರಿದ್ದರು. ಬೆಳಗ್ಗೆ ಸೈಕಲ್ ಹತ್ತಿದರೆ ಮನೆಗೆ ಬರುವುದು ಸಂಜೆ. ಆಳುಗಳನ್ನು ಕರೆಸುವುದು, ಬಳ್ಳಿ ಕತ್ತರಿಸುವುದು, ರೋಗ ಬಾರದಂತೆ ಮೈಲುತುತ್ತದ ನೀರು ಹೊಡೆಸುವುದು, ವ್ಯಾಪಾರಿಗಳ ಜೊತೆ ಮಾತಾಡುವುದು, ಎಲ್ಲ ಅತ್ತೆಯ ಕೆಲಸ.

ನಾನು ಬಂದ ವರ್ಷವೇ ಅವರಿಗೆ ಸೊಂಟದಲ್ಲಿ ನೋವು ಕಾಣಿಸಿಕೊಂಡಿತು. ಕಾಯಿಲೆ ಮೂಳೆಗೆ ಇಳಿದಿದೆ ಎಂದರು ಡಾಕ್ಟರು. ಸಿಟಿಯ ದೊಡ್ಡಾಸ್ಪತ್ರೆಯಲ್ಲಿ ಕರೆಂಟು ಕೊಡಿಸಿದೆವು; ಗಡ್ಡೆ ಸುಡಲು ಮೆಷಿನ್ನಿನಿಂದ ಕಿರಣ ಬಿಡುವುದನ್ನು ಹಾಗನ್ನುತ್ತಿದ್ದರು. ನೋವು ಒಂದಷ್ಟು ತಿಂಗಳು ತಗ್ಗಿ ಮತ್ತೆ ಬಂತು, ಈ ಸಲ ಬೆನ್ನಿಗೂ ಹತ್ತಿತು. ಅತ್ತೆ ಗೋಡೆ ಹಿಡಿದು ನಡೆಯುವಂತಾದರು.

ಮತ್ತೆ ಹೋದಾಗ ಡಾಕ್ಟರು ನಮ್ಮ ಯಜಮಾನರಿಗೆ ಹೊರಗೆ ಬರುವಂತೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಅತ್ತೆ ಅದನ್ನು ನೋಡಿಬಿಟ್ಟರು.

"ಕಾಯ್ಲೆ ನನ್ದು ಸ್ವಾಮಿ. ಇಲ್ಲೇ ಯೋಳಿ."

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. "ಇನ್ನು ಕರೆಂಟು ಕೊಡೋಕಾಗಲ್ಲಮ್ಮ. ಚರ್ಮ ಆಗ್ಲೇ ಸುಟ್ಟಿದೆ. ಬೇರೆ ಇಂಜೆಕ್ಷನ್ ಇದೆ. ಗಂಡಸರ ಮೈಯಲ್ಲಿ ಹುಟ್ಟೋ ರಸದ ಥರದ ಔಷಧಿ ಅದು. ಕೆಲವರಿಗೆ ನೋವು ಇಳಿಯತ್ತೆ, ಓಡಾಡ್ತಾರೆ. ಕೆಲವರಿಗೆ ಏನೂ ಆಗಲ್ಲ. ಕಾಯಿಲೆ ಪೂರ್ತಿ ಹೋಗತ್ತೆ ಅಂತ ಮಾತ್ರ ನಾನು ಹೇಳಲ್ಲ."

"ಇನ್ನೇನೋ ಐತೆ, ನೀವು ಯೋಳ್ತಿಲ್ಲ."

"ದನಿ ಒಡೆಯತ್ತೆ. ಗಂಡಸರ ಥರ ಆಗತ್ತೆ. ಮುಖದ ಮೇಲೆ ಕೂದಲು ಬರತ್ತೆ. ಔಷಧಿ ನಿಲ್ಲಿಸಿದ್ರೂ ದನಿ ವಾಪಸ್ ಬರೋದು ಕಷ್ಟ."

ನಮ್ಮ ಯಜಮಾನರು ತಲೆ ತಗ್ಗಿಸಿದರು. ಅತ್ತೆ ಕೇಳಿದ್ದು ಒಂದೇ: "ತ್ವಾಟಕ್ಕೆ ಓಗೋ ಅಂಗಾಯ್ತೀನಾ?"

"ಆಗಬಹುದು. ಖಂಡಿತ ಅಂತ ಹೇಳೋಕಾಗಲ್ಲ."

ವಾಪಸು ಬರುವಾಗ ಬಸ್ಸು ಹೆಬ್ಬಾಳದ ಕೆರೆ ದಾಟಿತು. ಆಮೇಲೆ ಯಜಮಾನರು, "ಬ್ಯಾಡ ಕಣವ್ವ. ಜನ ಏನಂತಾರೆ? ಮನೇಲಿ ಆರಾಮಾಗಿರು, ನಾವು ನೋಡ್ಕೊಂತೀವಿ," ಎಂದರು.

"ಜನ ಬಂದು ನನ್ ಸೊಂಟ ಇಡ್ಕೊಂತಾರೇನ್ಲಾ? ಮಳೆ ನಿಂತ್ಮೇಲೆ ಬಳ್ಳಿ ಕತ್ತರಿಸ್ಬೇಕು. ಗೋಡೆ ಇಡ್ಕೊಂಡು ಅದಾಯ್ತದಾ?"

ಇಂಜೆಕ್ಷನ್ ಕೊಡಿಸಲು ಯಲಹಂಕದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಔಷಧಿ ಎಣ್ಣೆಯಂತೆ ಮಂದವಾಗಿತ್ತು. ನರ್ಸಮ್ಮ ಅದನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ನಿಧಾನವಾಗಿ ಚುಚ್ಚುತ್ತಿದ್ದರು. ಮೊದಮೊದಲು ಏನೂ ಗೊತ್ತಾಗಲಿಲ್ಲ. ಚುಚ್ಚಿದ ಜಾಗ ಗಂಟು ಕಟ್ಟಿದ್ದಷ್ಟೇ. ಯಜಮಾನರು ನಿಲ್ಲಿಸೋಣ ಎಂದಾಗ ಅತ್ತೆ, "ಬಳ್ಳಿ ನೆಟ್ಟ ತಿಂಗ್ಳಿಗೆ ಅಣ್ಣು ಕೇಳ್ತೀಯೇನ್ಲಾ?" ಎಂದು ಬಾಯಿ ಮುಚ್ಚಿಸಿದರು.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ನೋಡುತ್ತೇನೆ, ಅತ್ತೆ ಗೋಡೆ ಹಿಡಿಯದೆ ಹಿತ್ತಲಿಗೆ ನಡೆದು ಹೋಗುತ್ತಿದ್ದಾರೆ. ನಾನು ಕೈಲಿದ್ದ ಹಿಟ್ಟು ಹಾಗೇ ಬಿಟ್ಟು ಹಿಂದೆ ಓಡಿದೆ. ತಿರುಗಿ, "ಯಾಕಮ್ಮ, ಬಿದ್ದೋಯ್ತೀನಿ ಅಂದ್ಕೊಂಡ್ಯಾ?" ಎಂದರು. ದನಿ ಒಡೆದಿತ್ತು. ತಮ್ಮ ದನಿ ತಮಗೇ ಕೇಳಿಸಿ ಕತ್ತು ಮುಟ್ಟಿ ನೋಡಿಕೊಂಡರು. ಮತ್ತೆ ಮುಂದೆ ನಡೆದರು.

ಮಳೆಗಾಲ ಮುಗಿಯುವಷ್ಟರಲ್ಲಿ ಅದು ಪೂರಾ ಗಂಡಸಿನ ದನಿ. ಒಬ್ಬ ವ್ಯಾಪಾರಿ ಬಾಗಿಲಲ್ಲಿ ನಿಂತು, ಒಳಗಿನ ಮಾತು ಕೇಳಿ, "ಯಜಮಾನ್ರು ಮನೇಲೇ ಇದ್ದಾರಾ?" ಎಂದು ವಿಚಾರಿಸಿದ. ಅತ್ತೆ ಸೆರಗು ಸರಿಮಾಡಿಕೊಂಡು ಹೊರಗೆ ಬಂದು, "ನಾನೇ ಕಣಪ್ಪ ಯಜಮಾನ. ಕೂತ್ಕೊ," ಎಂದರು. ಅವನು ಕೂತ.

ದನಿ ಒಡೆದದ್ದನ್ನು ಸಹಿಸಿಕೊಂಡವರು ಮೀಸೆ ಮೂಡಿದ್ದಕ್ಕೆ ಮಾತ್ರ ನೊಂದರು. ಸೊಸೈಟಿಗೂ ದೇವಸ್ಥಾನಕ್ಕೂ ಹೋಗುವುದನ್ನು ಬಿಟ್ಟರು. ಒಂದು ಮಧ್ಯಾಹ್ನ ನನ್ನನ್ನು ಕರೆದು, "ನಿನ್ ಗಂಡನ್ ಬ್ಲೇಡು ತತ್ತಾ," ಎಂದರು. ಹಿತ್ತಲಿನ ಬಿಸಿಲಲ್ಲಿ ಕಲ್ಲಿನ ಮೇಲೆ ಕೂತು ಗದ್ದ ಎತ್ತಿ ಕಣ್ಣು ಮುಚ್ಚಿದರು. ನಾನು ಯಾರ ಮುಖಕ್ಕೂ ಕ್ಷೌರ ಮಾಡಿದವಳಲ್ಲ. ಸೋಪು ಹಚ್ಚುವಾಗ ಅವರ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ನಾನು ನೋಡದವಳಂತೆ ಕೆಲಸ ಮುಂದುವರಿಸಿದೆ. ಅಷ್ಟರಲ್ಲಿ ಯಜಮಾನರು ಸೈಕಲ್ ತಳ್ಳಿಕೊಂಡು ಬಂದರು. ಅವತ್ತು ಕಾರ್ಖಾನೆ ಬೇಗ ಬಿಟ್ಟಿತ್ತೋ ಏನೋ. ನಮ್ಮನ್ನು ನೋಡಿ ನಿಂತರು. ಒಳಗೆ ಹೋಗಿ ಒಂದು ಚೊಂಬು ಬಿಸಿನೀರು ತಂದು ನನ್ನ ಪಕ್ಕ ಇಟ್ಟು, "ತಣ್ಣೀರಲ್ಲಿ ಮಾಡಿದ್ರೆ ಉರೀತದೆ," ಎಂದರು. ಅಂದಿನಿಂದ ಅವರ ಬಾಯಲ್ಲಿ ಜನ ಏನಂತಾರೆ ಎಂಬ ಮಾತು ಬರಲಿಲ್ಲ.

ಆ ವರ್ಷದ ಬಳ್ಳಿ ಕತ್ತರಿಸಿದ್ದು ಅತ್ತೆಯೇ. ನನ್ನನ್ನೂ ಚಪ್ಪರದ ಕೆಳಗೆ ನಿಲ್ಲಿಸಿಕೊಂಡು ಯಾವ ಕಡ್ಡಿ ಬಿಡಬೇಕು, ಯಾವುದು ತೆಗೆಯಬೇಕು ಎಂದು ತೋರಿಸಿದರು. ಮರುವರ್ಷವೂ ತೋಟ ನೋಡಿಕೊಂಡರು.

ಮೂರನೆಯ ವರ್ಷ ನೋವು ತಿರುಗಿ ಬಂತು, ಜೊತೆಗೆ ಉಸಿರು ಕಟ್ಟತೊಡಗಿತು. ಇಂಜೆಕ್ಷನ್ ಇನ್ನು ಹಿಡಿಯುವುದಿಲ್ಲ, ಆಸ್ಪತ್ರೆಗೆ ಸೇರಿಸಿದರೆ ಬೇರೆ ಏನಾದರೂ ನೋಡಬಹುದು ಎಂದರು ಡಾಕ್ಟರು. ಅತ್ತೆ ಕೈಮುಗಿದರು. "ನೀವು ಯೋಳಿದ್ದೆಲ್ಲ ಮಾಡಿದೀನಿ. ಇನ್ನು ನೋವಿಗೆ ಮಾತ್ರ ಔಸ್ದಿ ಕೊಡಿ. ಮನೆಗೋಯ್ತೀನಿ."

ಹಣ್ಣು ಕೊಯ್ದು ಮುಗಿದ ವಾರ ಅವರು ತೀರಿಕೊಂಡರು. ಮನೆಯಲ್ಲೇ, ಬೆಳಗ್ಗೆ, ನಾನು ಕೊಟ್ಟ ಕಾಫಿಯನ್ನು ಅರ್ಧ ಕುಡಿದು.

ಮಳೆ ನಿಂತ ಮೇಲೆ ಬಳ್ಳಿ ಕತ್ತರಿಸಲು ಆಳುಗಳನ್ನು ನಾನೇ ಕರೆಸಿದೆ. ಮೊದಲ ಸಾಲಿನಲ್ಲಿ ಬಿಡಬೇಕಾದ ಕಡ್ಡಿಗಳನ್ನೇ ಕತ್ತರಿಸಿಬಿಟ್ಟೆ. ಎರಡನೆಯ ಸಾಲಿನಲ್ಲಿ ಕೈ ಕುದುರಿತು.